ಒಂಬತ್ತಕ್ಕೇ ಬಾಗಿಲು ತೆಗೆಯಬೇಕೆಂದು ಹೇಳಿದವರು ಯಾರು?

ಪ್ರಶ್ನೆ: ನನಗೆ 44 ವರ್ಷ. ಶಿರಸಿ ಪೇಟೆಯಲ್ಲಿ ಟ್ಯಾಕ್ಸ್ ಕನ್ಸಲ್ಟಂಟ್. ಅಪ್ಪನೂ ಇದೇ ಕೋಣೆಯಲ್ಲಿ ಕೂತು ಅಂಗಡಿಕಾರರ ಸೇಲ್ಸ್ ಟ್ಯಾಕ್ಸ್ ಲೆಕ್ಕ ಬರೆಯುತ್ತಿದ್ದರು. ಅವರ ಕಾಲದ ಪದ್ಧತಿಯನ್ನೇ ಉಳಿಸಿಕೊಂಡು ಬಂದಿದ್ದೇನೆ. ಬೆಳಗ್ಗೆ 9ಕ್ಕೆ ಬಾಗಿಲು, ಮಧ್ಯಾಹ್ನದ ತನಕ ಬಂದವರ ಜೊತೆ ಮಾತು, ಸಂಜೆ ಮತ್ತೆ ಜನ, ರಾತ್ರಿ ಊಟ ಆದಮೇಲೆ 9ರಿಂದ 12ರ ತನಕ ನಿಜವಾದ ಕೆಲಸ. ಈಗೀಗ ಆ ಮೂರು ತಾಸೂ ಸಾಲುತ್ತಿಲ್ಲ. ಊಟಕ್ಕೆ ಕೂತಾಗ ವಾಟ್ಸಾಪ್‌ಗೆ ಬಿಲ್ಲಿನ ಫೋಟೊ ಬರುತ್ತದೆ. ಸಂಜೆ ಮನೆಗೇ ಬಂದು ಜಗಲಿಯಲ್ಲಿ ಕೂರುವವರೂ ಇದ್ದಾರೆ. ಭಾನುವಾರ ಊರಿನ ತೋಟ. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದೆ, ಅದನ್ನು ಬಿಟ್ಟು ವರ್ಷಗಳಾದವು. ‘ಅಪ್ಪನ ಹತ್ರ ಮಾತಾಡೋಕೆ 20ನೇ ತಾರೀಖು ಕಳೀಬೇಕು’ ಅನ್ನುತ್ತಾಳೆ ಮಗಳು. ಮೊಬೈಲ್ ಆ್ಯಪ್ ಹಾಕಿಕೊಂಡೆ, 4:30ಕ್ಕೆ ಏಳುವುದನ್ನೂ ಮಾಡಿದೆ, ಯಾವುದೂ ನಿಲ್ಲಲಿಲ್ಲ. ಗಿರಾಕಿಗೆ ‘ಈಗ ಆಗುವುದಿಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಅಂದರೆ ಪಕ್ಕದ ಆಫೀಸಿಗೆ ಹೋಗುತ್ತಾರೆಂಬ ಹೆದರಿಕೆಯೂ ಇದೆ. ನನಗೆ ಅಂತ ಸ್ವಲ್ಪ ಹೊತ್ತು ಉಳಿಸಿಕೊಳ್ಳುವುದು ಹೇಗೆ?
— ಹೆಸರು ಬೇಡ, ಶಿರಸಿ

ಉತ್ತರ: ನಿಮ್ಮ ಪತ್ರ ಓದಿದ ಯಾರಿಗೂ ಮೊದಲು ಕಣ್ಣಿಗೆ ಬೀಳುವುದು ರಾತ್ರಿ 12. ನನ್ನ ಕಣ್ಣು ನಿಂತದ್ದು ಬೆಳಗಿನ 9ರ ಮೇಲೆ. ರಾತ್ರಿಯ ಕೆಲಸ ಆ ಒಂಬತ್ತರ ಫಲ. ಬೆಳಗಿನ ಒಳ್ಳೆಯ ತಾಸುಗಳನ್ನೆಲ್ಲ ಬಂದವರಿಗೆ ಕೊಟ್ಟು, ತಲೆ ದಣಿದ ಮೇಲೆ ಉಳಿದ ಹೊತ್ತನ್ನು ಲೆಕ್ಕಕ್ಕೆ ಇಟ್ಟಿದ್ದೀರಿ. ಆ್ಯಪ್ ಹಾಕಿದರೂ, ಬೇಗ ಎದ್ದರೂ ಈ ಏರ್ಪಾಡು ಮಾತ್ರ ಹಾಗೇ ಉಳಿಯಿತು. ಅದಕ್ಕೇ ಯಾವುದೂ ನಿಲ್ಲಲಿಲ್ಲ.

ಆ ಒಂಬತ್ತು ಎಲ್ಲಿಂದ ಬಂತು? ಅಪ್ಪನ ಕಾಲದಲ್ಲಿ ಅದಕ್ಕೆ ಗಟ್ಟಿ ಕಾರಣ ಇತ್ತು. ಬನವಾಸಿ ಕಡೆಯವರೋ ಹುಲೇಕಲ್ ಕಡೆಯವರೋ ಬೆಳಗಿನ ಬಸ್ಸಿಗೆ ಪೇಟೆಗೆ ಬಂದರೆ ಮಧ್ಯಾಹ್ನದ ಬಸ್ಸಿಗೆ ಹಿಂತಿರುಗಬೇಕು. ಅಷ್ಟರೊಳಗೆ ಸೊಸೈಟಿ, ಬ್ಯಾಂಕು, ಅಂಗಡಿಗೆ ಬೇಕಾದ ಸಾಮಾನು, ಕೊನೆಗೆ ನಿಮ್ಮ ಅಪ್ಪ. ಬಿಲ್ಲು ತುಂಬಿದ ಕೈಚೀಲ ಅವರ ಜೊತೆಗೇ ಬರಬೇಕು, ಚೀಲ ಬರದೆ ಲೆಕ್ಕ ಶುರುವಾಗದು. ಆದ್ದರಿಂದ ಬೆಳಗು ಜನಕ್ಕೆ, ರಾತ್ರಿ ಖಾತೆ ಪುಸ್ತಕಕ್ಕೆ. ಬಸ್ಸಿನ ಸಮಯ ನೋಡಿ ಮಾಡಿಕೊಂಡ ಜಾಣ ಏರ್ಪಾಡು ಅದು.

2005ರ ಏಪ್ರಿಲ್‌ನಲ್ಲಿ ವ್ಯಾಟ್ ಬಂತು, 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಖಾತೆ ಪುಸ್ತಕ ಕಂಪ್ಯೂಟರಿಗೆ ಹೋಯಿತು, ಕೈಚೀಲ ವಾಟ್ಸಾಪ್‌ಗೆ ಬಂತು, ಗಿರಾಕಿಯ ಮಗ ಬೈಕು ತೆಗೆದುಕೊಂಡ. ಈಗ ಬೆಳಗ್ಗೆಯೇ ಬರಬೇಕಾದ ಗರಜು ಯಾರಿಗೂ ಇಲ್ಲ. ಇಲ್ಲದ್ದಕ್ಕೇ ಯಾವಾಗ ಬೇಕಾದರೂ ಬರುತ್ತಾರೆ. ನೀವು ಹಳೆಯ ಬಸ್ಸಿನ ಹೊತ್ತಿಗೂ ಬಾಗಿಲು ತೆಗೆದಿಟ್ಟಿದ್ದೀರಿ, ಹೊಸ ಫೋನಿನ ಹೊತ್ತಿಗೂ ತೆಗೆದಿಟ್ಟಿದ್ದೀರಿ. ಎರಡು ಕಾಲದ ಕಂದಾಯವನ್ನು ಒಬ್ಬರೇ ಕಟ್ಟುತ್ತಿರುವುದು ನಿಮ್ಮ ಕಷ್ಟ.

ಅರ್ಥ ಹೇಳಿದವರು ನೀವು, ಯಕ್ಷಗಾನದ ಕಥೆ ನಿಮಗೆ ಗೊತ್ತು. ಆಟ ಬೆಳತನಕ ನಡೆಯುತ್ತಿದ್ದುದಕ್ಕೆ ಕಲೆಯ ಒಳಗಿನ ಕಾರಣಗಳಿದ್ದವು, ಜೊತೆಗೆ ಒಂದು ಸಾದಾ ಕಾರಣವೂ ಇತ್ತು: ದೂರದಿಂದ ನಡೆದು ಬಂದವರು ನಡುರಾತ್ರಿಯಲ್ಲಿ ಎಲ್ಲಿಗೆ ಹೋಗಬೇಕು? ರಸ್ತೆ ಬಂತು, ವಾಹನ ಬಂತು, ಮಾರನೆಯ ದಿನ ಎಂಟಕ್ಕೆ ಕೆಲಸಕ್ಕೆ ಹೋಗುವ ಪ್ರೇಕ್ಷಕ ಬಂದ. ಕಾಲಮಿತಿಯ ಆಟಗಳು ಶುರುವಾದವು. ಅದರಲ್ಲಿ ಕಳೆದುಕೊಂಡದ್ದೂ ಇದೆ, ಬೆಳಗಿನ ಜಾವದ ಪದಗಳ ರುಚಿ ಒಂಬತ್ತೂವರೆಗೆ ಬರುವುದಿಲ್ಲ ಎನ್ನುವವರ ಪಕ್ಷವೇ ನನ್ನದೂ. ಆದರೆ ಮೇಳಗಳು ಉಳಿದವು, ಹೊಸಬರು ನೋಡಲು ಬಂದರು. ಯಕ್ಷಗಾನದವರು ಇಷ್ಟು ಹಳೆಯ ರೂಢಿಯನ್ನು ಮುಟ್ಟಿ ನೋಡಿದ್ದಾರೆ ಅಂದಮೇಲೆ, ಒಂದು ತೆರಿಗೆ ಆಫೀಸಿನ ಬಾಗಿಲ ಹೊತ್ತು ಮುಟ್ಟಬಾರದ್ದೇನಲ್ಲ.

ಬದಲಾಯಿಸುವ ಮೊದಲು ಒಂದು ವಾರ ಬರೆದಿಡಿ. ಆ್ಯಪ್ ಬೇಡ, ಗಿರಾಕಿ ಕೂರುವ ಮೇಜಿನ ಮೇಲೆಯೇ ಒಂದು ನೋಟ್‌ಬುಕ್ ಇಡಿ. ಯಾರು ಬಂದರು ಅಥವಾ ಫೋನ್ ಮಾಡಿದರು, ಎಂತಕ್ಕೆ, ಅದು ಆವತ್ತೇ ಆಗಬೇಕಿತ್ತೇ. ಇಷ್ಟೇ ಸಾಕು. ವಾರ ಆರಿಸುವಾಗ 10ನೇ ತಾರೀಖಿನ ಆಚೆಗಿನದು ಇರಲಿ, ಒತ್ತಡ ಕಾಣಬೇಕು. ಈ ಜಿಲ್ಲೆಯ ಅಂಗಡಿ, ಸಹಕಾರಿ ಸಂಘ, ಸಣ್ಣ ಆಫೀಸುಗಳಲ್ಲಿ ಇಂಥ ನೋಟ್‌ಬುಕ್ ತೆಗೆದು ನೋಡಿದಾಗಲೆಲ್ಲ ನನಗೆ ಕಂಡದ್ದು ಹೆಚ್ಚುಕಡಿಮೆ ಒಂದೇ. ಬಂದವರಲ್ಲಿ ದೊಡ್ಡ ಪಾಲು ‘ಆಯ್ತಾ?’ ಎಂದು ಕೇಳಲು ಬಂದವರು. ಅವರ ನಂತರ, ಕಳೆದ ವರ್ಷದ ರಿಟರ್ನಿನ ಪ್ರತಿ ಬ್ಯಾಂಕಿನವರು ಕೇಳಿದ್ದಾರೆ ಎನ್ನುವವರು, ಕಾಗದ ಕೊಟ್ಟುಹೋಗಲು ಬಂದವರು. ನಿಮ್ಮ ತಲೆ ನಿಜವಾಗಿ ಬೇಕಾಗುವವರು, ಅಂದರೆ ನೋಟಿಸು ಬಂದವರು, ಜಾಗ ಮಾರಿದವರು, ಹೊಸ ಅಂಗಡಿ ಹಾಕುವವರು ಕಡಿಮೆ ಮಂದಿ. ವಿಚಿತ್ರ ಏನೆಂದರೆ, ಗಡಿಬಿಡಿಯಲ್ಲಿ ಉತ್ತರ ಪಡೆಯುವವರೂ ಅವರೇ.

‘ಆಯ್ತಾ?’ ಎಂದು ಕೇಳಲು ಬರುವುದಕ್ಕೆ ಗಿರಾಕಿಯನ್ನು ಬೈಯಬೇಡಿ. ಆಗಿದ್ದನ್ನು ನೀವು ತಿಳಿಸುತ್ತಿಲ್ಲ, ಅದಕ್ಕೆ ಬರುತ್ತಾರೆ. ರಿಟರ್ನ್ ಸಲ್ಲಿಸಿದ ಕೂಡಲೇ ಎಆರ್‌ಎನ್ ಎಂಬ ಸ್ವೀಕೃತಿ ಸಂಖ್ಯೆಯ ಜೊತೆ ಒಂದು ಸಾಲು ಕಳಿಸುವ ಕೆಲಸವನ್ನು ಸಹಾಯಕರಿಗೆ ಒಪ್ಪಿಸಿ. ಪ್ರತಿ ಗಿರಾಕಿಯ ರಿಟರ್ನು, ರಿಜಿಸ್ಟ್ರೇಷನ್ ಪ್ರತಿಗಳನ್ನು ಅವರವರ ವಾಟ್ಸಾಪ್‌ಗೇ ವರ್ಷಕ್ಕೊಮ್ಮೆ ಕಳಿಸಿಬಿಟ್ಟರೆ ಬ್ಯಾಂಕಿನ ನೆಪದ ಓಡಾಟ ಬಹಳಷ್ಟು ನಿಲ್ಲುತ್ತದೆ.

ಇನ್ನು ಹೊತ್ತಿನ ಅದಲುಬದಲು. ಬೆಳಗ್ಗೆ 8:30ರಿಂದ 11:30 ಲೆಕ್ಕಕ್ಕೆ, ಬಾಗಿಲು ಮುಚ್ಚಿ. ಮಧ್ಯಾಹ್ನ 3:30ರಿಂದ 6:30 ಜನಕ್ಕೆ, ಬಾಗಿಲು ಪೂರ್ತಿ ತೆಗೆದು. ನಡುವಿನ ಹೊತ್ತು ಊಟ, ಬ್ಯಾಂಕು, ಫೋನು. ರಾತ್ರಿ ಮೂರು ತಾಸಿನ ಕೆಲಸ ಬೆಳಗ್ಗೆ ಮೂರು ತಾಸೇ ಹಿಡಿಯುತ್ತದೆ ಎಂದುಕೊಳ್ಳಬೇಡಿ, ಸಾಮಾನ್ಯವಾಗಿ ಕಡಿಮೆಯೇ ಸಾಕಾಗುತ್ತದೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಜಿಎಸ್‌ಟಿಆರ್-2ಬಿ, ಅಂದರೆ ಖರೀದಿಯ ಮೇಲಿನ ತೆರಿಗೆ ಜಮೆಯ ಪಟ್ಟಿ, ತಾಳೆ ನೋಡುತ್ತಿರುವಾಗ ಒಬ್ಬರು ಬಂದು ಎರಡೇ ನಿಮಿಷ ಮಾತಾಡಿ ಹೋದರೂ, ಎಲ್ಲಿಗೆ ಬಂದಿದ್ದೆ ಎಂದು ಮತ್ತೆ ಮೊದಲಿನಿಂದ ಹುಡುಕುತ್ತೀರಲ್ಲ, ಅದೇ ಇದು. ಮಳೆಗಾಲದಲ್ಲಿ ಇನ್ನೊಂದು ಲಾಭವೂ ಇದೆ. ಜೂನ್–ಜುಲೈನಲ್ಲಿ ಸಂಜೆ ಮರ ಬಿದ್ದು ಕರೆಂಟು ಹೋದರೆ ನಿಮ್ಮ ರಾತ್ರಿಯ ಪಾಳಿ ಅಲ್ಲಿಗೇ ಮುಗಿಯುತ್ತದೆ. ಬೆಳಗಿನ ಕೆಲಸಕ್ಕೆ ಹೀಗಾದರೆ ಇಡೀ ಹಗಲು ಮುಂದಿರುತ್ತದೆ.

ಬೆಳಗಿನ ಬಸ್ಸನ್ನೇ ನಂಬಿದ ಹಿರಿಯರು ಈಗಲೂ ಕೆಲವರಿದ್ದಾರೆ. ಅವರನ್ನು ಮೂರೂವರೆ ತನಕ ಕಾಯಿಸುವುದು ಅನ್ಯಾಯ. ಹೊರಗೆ ಎರಡು ಕುರ್ಚಿ, ಸಹಾಯಕ, ಒಂದು ರಸೀದಿ ಪುಸ್ತಕ ಇರಲಿ. ‘ಕಾಗದ ತಲುಪಿದೆ, ಇಂಥ ದಿನ ಆಗುತ್ತದೆ’ ಎಂದು ತಾರೀಖು ಬರೆದ ರಸೀದಿ ಕೈಗೆ ಸಿಕ್ಕರೆ ಅವರಲ್ಲಿ ಹೆಚ್ಚಿನವರಿಗೆ ನಿಮ್ಮ ಮುಖ ನೋಡಲೇಬೇಕೆಂದಿಲ್ಲ. ಉಳಿದ ಒಬ್ಬಿಬ್ಬರಿಗೆ 11:30ಕ್ಕೆ ಹತ್ತು ನಿಮಿಷ ಕೊಡಿ.

ದಿನಕ್ಕಿಂತ ತಿಂಗಳಿನ ಲೆಕ್ಕ ಮುಖ್ಯ. ನಿಮ್ಮ ವೃತ್ತಿಯಲ್ಲಿ 30 ದಿನವೂ ಒಂದೇ ತೂಕದ್ದಲ್ಲ. 7ಕ್ಕೆ ಟಿಡಿಎಸ್ ಕಟ್ಟುವುದು, 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 14ಕ್ಕೆ 2ಬಿ ತಯಾರಾಗುವುದು, 20ಕ್ಕೆ ತೆರಿಗೆ ಕಟ್ಟಿ ಸಲ್ಲಿಸುವ ರಿಟರ್ನ್ 3ಬಿ. 2ಬಿ ಬರುವ ಮೊದಲು 3ಬಿ ಸರಿಯಾಗಿ ಮುಗಿಸಲಾಗದು, ಆದ್ದರಿಂದ ನಿಜವಾದ ಇಕ್ಕಟ್ಟು 14ರಿಂದ 20ರ ಆ ಕೆಲವೇ ದಿನಗಳದ್ದು. ಅಷ್ಟು ದಿನ ಬಾಗಿಲು ಮುಚ್ಚುವ ನಿಯಮ ಬಿಗಿಯಾಗಿರಲಿ, ರಾತ್ರಿ ಒಂದು ತಾಸು ಕೂತರೂ ಅಡ್ಡಿಯಿಲ್ಲ. ಪ್ರತಿದಿನ ಆರಕ್ಕೆ ಮನೆಯಲ್ಲಿರಬೇಕೆಂದು ಪಣ ತೊಟ್ಟು 19ನೇ ತಾರೀಖು ಅದು ಮುರಿದಾಗ ಎಲ್ಲವನ್ನೂ ಕೈಬಿಡುವವರನ್ನು ಬಹಳ ನೋಡಿದ್ದೇನೆ. 21ರಿಂದ ತಿಂಗಳ ಕೊನೆಯ ತನಕ ಮಾತ್ರ ರಾತ್ರಿ ಕೆಲಸ ಶೂನ್ಯ. ಇದರಲ್ಲಿ ರಿಯಾಯಿತಿ ಇಲ್ಲ.

ಆ ಇಕ್ಕಟ್ಟನ್ನೇ ಸಣ್ಣದು ಮಾಡಲು ಬರುತ್ತದೆಯೇ ಎಂದೂ ನೋಡಿ. ವಾರ್ಷಿಕ ವಹಿವಾಟು 5 ಕೋಟಿಯ ಒಳಗಿರುವವರಿಗೆ 2021ರ ಜನವರಿಯಿಂದ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಕ್ಯುಆರ್‌ಎಂಪಿ ಯೋಜನೆ ಇದೆ. ಶಿರಸಿಯ ಕಿರಾಣಿ, ಹಾರ್ಡ್‌ವೇರ್, ಬಟ್ಟೆ ಅಂಗಡಿಗಳಲ್ಲಿ ಎಷ್ಟು 5 ಕೋಟಿ ದಾಟುತ್ತವೆ, ನೀವೇ ಹೇಳಿ. ನಿಮ್ಮ ಪಟ್ಟಿಯಲ್ಲಿ ‘ಮೊದಲಿನಿಂದ ಹಾಗೇ ಇದೆ’ ಎಂಬ ಒಂದೇ ಕಾರಣಕ್ಕೆ ತಿಂಗಳ ರಿಟರ್ನಿನಲ್ಲಿ ಉಳಿದವರು ಯಾರು ಯಾರು? ತೆರಿಗೆ ತಿಂಗಳು ತಿಂಗಳು ಕಟ್ಟಬೇಕು ನಿಜ, ತ್ರೈಮಾಸಿಕದ ಮೊದಲೆರಡು ತಿಂಗಳಿನದನ್ನು ಪಿಎಂಟಿ-06 ಚಲನ್ ಮೂಲಕ ಮರುತಿಂಗಳ 25ರೊಳಗೆ. ಆದರೆ ವರ್ಷಕ್ಕೆ 12 ಇದ್ದ 3ಬಿ 4ಕ್ಕೆ ಇಳಿಯುತ್ತದೆ, ಕರ್ನಾಟಕದವರಿಗೆ ಕೊನೆಯ ದಿನವೂ ತ್ರೈಮಾಸಿಕ ಮುಗಿದ ಮರುತಿಂಗಳ 22. ವ್ಯಾಪಾರಿಗಳಿಗೆ ಮಾರುವವರಿದ್ದರೆ ಅವರ ಖರೀದಿದಾರರ 2ಬಿಯಲ್ಲಿ ಬಿಲ್ಲು ಪ್ರತಿ ತಿಂಗಳು ಕಾಣಬೇಕು, ಅದಕ್ಕೆ 13ರೊಳಗೆ ಐಎಫ್‌ಎಫ್ ಎಂಬ ಬಿಲ್ಲುಗಳ ಪಟ್ಟಿ ಹಾಕಬೇಕಾಗುತ್ತದೆ, ಅವರಿಗೆ ಉಳಿತಾಯ ಕಡಿಮೆ. ಗ್ರಾಹಕರಿಗೇ ನೇರ ಮಾರುವ ಅಂಗಡಿಗಳಿಂದ ಶುರು ಮಾಡಿ. ಜುಲೈ–ಸೆಪ್ಟೆಂಬರ್‌ಗೆ ಸೇರಿಸಬೇಕಾದರೆ ಮೇ 1ರಿಂದ ಜುಲೈ 31ರೊಳಗೆ ಆಯ್ಕೆ ಮಾಡಬೇಕು. ಏನೂ ವಹಿವಾಟಿಲ್ಲದವರ ಶೂನ್ಯ 3ಬಿಯನ್ನು 14409ಕ್ಕೆ ಎಸ್‌ಎಂಎಸ್ ಮಾಡಿಯೂ ಸಲ್ಲಿಸಬಹುದು. ಇದನ್ನೆಲ್ಲ ನಿಮಗೆ ನಾನು ಕಲಿಸಬೇಕಿಲ್ಲ. ಗೊತ್ತಿದ್ದೂ ಮಾಡಿರುವುದಿಲ್ಲ ಎಂಬ ಗುಮಾನಿಯಿಂದ ಬರೆದೆ, ಏಕೆಂದರೆ ರಾತ್ರಿ 11ಕ್ಕೆ ಕೆಲಸ ಮಾಡುವವನಿಗೆ ಕೆಲಸ ಕಡಿಮೆ ಮಾಡುವ ಕೆಲಸಕ್ಕೆ ಪುರುಸೊತ್ತಿರುವುದಿಲ್ಲ.

ಬಿಲ್ಲು ಕೊಡುವುದಕ್ಕೂ ಒಂದು ಗಡುವು ಬೇಕು. 5ನೇ ತಾರೀಖು ಇಟ್ಟುಕೊಳ್ಳಿ. 5ರೊಳಗೆ ಬಂದದ್ದು ಈ ತಿಂಗಳು ಸಮಯಕ್ಕೆ ಸರಿಯಾಗಿ ಆಗುತ್ತದೆ ಎಂಬುದು ನಿಮ್ಮ ಜವಾಬ್ದಾರಿ. ಆಮೇಲೆ ಬಂದದ್ದು ಸಾಲಿನ ಕೊನೆಗೆ, ತಡವಾದರೆ ದಿನಕ್ಕೆ 50 ರೂಪಾಯಿಯ ಶುಲ್ಕ ಮತ್ತು ಶೇ. 18ರ ಬಡ್ಡಿ ಅವರ ಜವಾಬ್ದಾರಿ. ನಮ್ಮ ಕಡೆ ಸಣ್ಣ ಆಫೀಸಿನವರು ಮುಲಾಜಿಗೆ ಬಿದ್ದು ಗಿರಾಕಿಯ ತಡದ ಶುಲ್ಕವನ್ನು ತಾವೇ ಕಟ್ಟುವುದುಂಟು. ನೀವು ಹಾಗೆ ಮಾಡುತ್ತಿದ್ದರೆ, ತಡ ಮಾಡಿದರೆ ಏನೂ ಆಗುವುದಿಲ್ಲ ಎಂದು ವರ್ಷಗಟ್ಟಲೆ ಅವರಿಗೆ ಹೇಳಿಕೊಟ್ಟವರು ನೀವೇ.

ಇಷ್ಟು ತನಕದ್ದು ಸುಲಭದ ಭಾಗ. ಕಷ್ಟದ್ದು ದಾಕ್ಷಿಣ್ಯ. ಅದನ್ನು ಒಂದು ದೌರ್ಬಲ್ಯ ಎಂಬಂತೆ ಮಾತಾಡುವ ಸಲಹೆಗಾರರು ಬೇರೆ ಊರಿನವರು. ಶಿರಸಿಯಂಥ ಪೇಟೆಯಲ್ಲಿ ಗಿರಾಕಿ ಬರೀ ಗಿರಾಕಿಯಾಗಿರುವುದಿಲ್ಲ. ಒಬ್ಬರು ಅಪ್ಪನ ಸ್ನೇಹಿತರು, ಇನ್ನೊಬ್ಬರು ಹೆಂಡತಿಯ ತವರಿನ ಕಡೆಯವರು, ಮತ್ತೊಬ್ಬರು ನಿಮ್ಮ ತೋಟಕ್ಕೆ ಅಡಕೆಯ ಕೊನೆಕೊಯ್ಲಿನ ಹೊತ್ತಿಗೆ ಆಳು ಹೊಂದಿಸಿ ಕೊಡುವವರು. ಇವರಿಗೆ ಬಾಗಿಲು ಹಾಕಿದರೆ ನಷ್ಟ ಬರೀ ಫೀಸಿನದ್ದಲ್ಲ ಎಂದು ನಿಮಗೆ ಗೊತ್ತು, ಅದಕ್ಕೇ ಬಾಯಿ ಬರುವುದಿಲ್ಲ. ಬಾಯಿ ಬರುವಂತೆ ಮಾತನ್ನು ಬದಲಿಸಿಕೊಳ್ಳಿ.

‘ಈಗ ಆಗುವುದಿಲ್ಲ’ ಎಂಬ ಮಾತನ್ನೇ ಆಡಬೇಡಿ. ಅದರ ಬದಲು ಯಾವಾಗ ಆಗುತ್ತದೆಂದು ಹೇಳಿ. ‘ಹೆಗಡೇರೆ, ನಿಮ್ಮ ಕಾಗದ ನಾನೇ ಕೂತು ನೋಡ್ಬೇಕು, ನಿಂತ್ಕೊಂಡು ನೋಡೋದಲ್ಲ. ನಾಳೆ ನಾಲ್ಕಕ್ಕೆ ಬನ್ನಿ, ಅರ್ಧ ತಾಸು ನಿಮಗೇ ಇಟ್ಟಿರ್ತೆ.’ ಇದರಲ್ಲಿ ನಿರಾಕರಣೆ ಇಲ್ಲ, ಅವರಿಗೆ ಮರ್ಯಾದೆಯೇ ಹೆಚ್ಚಾಯಿತು. ಫೋನಿನಲ್ಲಾದರೆ, ‘ನಾಯ್ಕರೆ, ಫೈಲ್ ಎದುರಿಗಿಲ್ದೆ ಬಾಯಿಗೆ ಬಂದದ್ದು ಹೇಳಿದ್ರೆ ನಿಮಗೇ ತೊಂದ್ರೆ. ನಾಳೆ ಮೂರೂವರೆ ಮೇಲೆ ನಾನೇ ಮಾಡ್ತೆ.’ ಹೇಳಿದ ಮೇಲೆ ಮಾಡಲೇಬೇಕು. ಎರಡು ಸಲ ಮರೆತರೆ ಮೂರನೆಯ ಸಲ ಅವರು ರಾತ್ರಿ ಎಂಟಕ್ಕೆ ಮನೆಗೇ ಬರುತ್ತಾರೆ, ಬಂದರೆ ತಪ್ಪು ಅವರದ್ದಲ್ಲ.

ಎದುರಿಗೆ ಬಂದು ನಿಂತವರಿಗೆ ನಿಯಮ ಹೇಳಿದರೆ ಅವರಿಗೆ ಮಾತ್ರ ಮಾಡಿದಂತೆ ಕಾಣುತ್ತದೆ. ಆದ್ದರಿಂದ ಯಾರೂ ಎದುರಿಗಿಲ್ಲದಾಗ, ಎಲ್ಲರಿಗೂ ಒಂದೇ ದಿನ ತಿಳಿಸಿ. ದೊಡ್ಡ ಅಕ್ಷರದ ಒಂದು ಬೋರ್ಡು, ಎಲ್ಲರಿಗೂ ಒಂದೇ ವಾಟ್ಸಾಪ್ ಸಂದೇಶ, ಮತ್ತು ತುಂಬ ಹಳೆಯ, ಹಿರಿಯ ಗಿರಾಕಿಗಳಿಗೆ ನೀವೇ ಫೋನ್. ಈ ಮೂರನೆಯದನ್ನು ಬಿಟ್ಟರೆ ಕೆಟ್ಟಿತು. ಬೋರ್ಡು ಓದಿ ತಿಳಿಯುವುದು ಹೊಸಬರಿಗೆ ಸರಿ, ಅಪ್ಪನ ಕಾಲದಿಂದ ಬರುವವರು ಅದನ್ನು ಬೋರ್ಡಿನಿಂದ ತಿಳಿದುಕೊಂಡರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಫೋನು ಎರಡಾಗಲಿ. ಆಫೀಸಿನದಕ್ಕೆ ಬೇರೆ ಸಿಮ್, ವಾಟ್ಸಾಪ್ ಬಿಸಿನೆಸ್ ಖಾತೆ. ಹೊತ್ತು ಮೀರಿ ಬಂದ ಸಂದೇಶಕ್ಕೆ ತಾನಾಗಿಯೇ ಉತ್ತರ ಕೊಡುವ ಸೌಲಭ್ಯ ಅದರಲ್ಲಿದೆ. ‘ಬಿಲ್ಲು ತಲುಪಿದೆ, ನಾಳೆ ನೋಡುತ್ತೇವೆ’ ಎಂದಿದ್ದರೆ ಸಾಕು. ಕಳಿಸಿದವರಿಗೆ ಬೇಕಾದದ್ದು ಆ ‘ತಲುಪಿದೆ’ ಎಂಬುದಷ್ಟೆ. ಆ ಫೋನು ರಾತ್ರಿ ಆಫೀಸಿನ ಡ್ರಾಯರಿನಲ್ಲಿರಲಿ. ಅರ್ಜೆಂಟು ಬಂದರೆ ಎಂದು ಕೇಳುತ್ತೀರಿ. ರಿಟರ್ನ್ ಸಲ್ಲಿಸದವರಿಗೆ ಬರುವ ಜಿಎಸ್‌ಟಿಆರ್-3ಎ ನೋಟಿಸಿಗೆ 15 ದಿನ ಇರುತ್ತದೆ, ರಿಟರ್ನುಗಳ ನಡುವಿನ ವ್ಯತ್ಯಾಸ ಕೇಳುವ ಡಿಆರ್‌ಸಿ-01ಬಿ ಥರದ ಅವಸರದ್ದಕ್ಕೂ 7 ದಿನ. 11, 20ರಂಥ ಗಡುವಿನ ರಾತ್ರಿ ಬಿಟ್ಟರೆ ಒಂಬತ್ತರ ನಂತರ ಉತ್ತರಿಸಲೇಬೇಕಾದ ತೆರಿಗೆಯ ಪ್ರಶ್ನೆ ಎಂಬುದು ಇಲ್ಲ. ಇದನ್ನು ಗಿರಾಕಿಗಿಂತ ಮೊದಲು ನೀವು ಒಪ್ಪಿಕೊಳ್ಳಬೇಕು. ಇಲ್ಲೊಂದು ಕೊಸರು: ಕೆಲಸದ ಹೊತ್ತು ಮುಗಿದ ಮೇಲೆ ಫೋನಿಗೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರ ಆಗಸ್ಟ್‌ನಿಂದ ನೌಕರರಿಗೆ ಕಾನೂನಿನಲ್ಲೇ ಕೊಟ್ಟಿವೆ. ನೀವು ನೌಕರರಲ್ಲ, ಆ ಮಾತು ನಿಮಗೆ ಅನ್ವಯಿಸದು. ನಿಮ್ಮ ಸಹಾಯಕರಿಗೆ ರಾತ್ರಿ ಹತ್ತಕ್ಕೆ ನೀವು ಸಂದೇಶ ಕಳಿಸುತ್ತೀರೋ ಇಲ್ಲವೋ, ಯೋಚಿಸಿ.

ಪಕ್ಕದ ಆಫೀಸಿಗೆ ಹೋಗುತ್ತಾರೆಂಬ ಹೆದರಿಕೆ ಸುಳ್ಳಲ್ಲ. ಕೆಲವರು ಹೋಗುತ್ತಾರೆ. ಆದರೆ ಪಕ್ಕದ ಆಫೀಸಿನವನೂ ರಾತ್ರಿ 12ಕ್ಕೆ ದೀಪ ಹಾಕಿಕೊಂಡು ಕೂತಿರುತ್ತಾನೆ, ನೀವು ತೆರೆದಿಟ್ಟಿದ್ದೀರಿ ಎಂಬ ಹೆದರಿಕೆಯಿಂದ. ಘಟ್ಟ ಇಳಿದು ಕರಾವಳಿಗೆ ಬನ್ನಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳಿಗೆ ಸಮುದ್ರ ಬಂದ್. ಮೀನು ಮರಿ ಮಾಡುವ ಹೊತ್ತೆಂದು ಆ ನಿಷೇಧ. ಕಾರವಾರದ ಬೈತಖೋಲದಲ್ಲೂ ತದಡಿಯಲ್ಲೂ ದೋಣಿಗಳು ದಡದಲ್ಲಿರುತ್ತವೆ, ಬಲೆ ದುರಸ್ತಿ ಆಗುತ್ತದೆ, ಎಂಜಿನ್ ಬಿಚ್ಚುತ್ತಾರೆ, ದೂರದಿಂದ ದುಡಿಯಲು ಬಂದವರು ಊರಿಗೆ ಹೋಗಿಬರುತ್ತಾರೆ. ದುಡಿಮೆ ಇಲ್ಲದ ಎರಡು ತಿಂಗಳು ಕಷ್ಟದ್ದೇ. ಆದರೂ ಒಬ್ಬ ದಡದಲ್ಲಿದ್ದಾಗ ಇನ್ನೊಬ್ಬ ಬಲೆ ಬೀಸಿ ಅವನ ಪಾಲು ಹೊಡೆಯುವಂತಿಲ್ಲ, ಏಕೆಂದರೆ ನಿಂತರೆ ಎಲ್ಲರೂ ನಿಂತಿರುತ್ತಾರೆ.

ಇದನ್ನೇ ಆಫೀಸಿನಲ್ಲಿ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಸಂಶೋಧಕಿ ಲೆಸ್ಲಿ ಪರ್ಲೋ ಸಾಫ್ಟ್‌ವೇರ್ ಎಂಜಿನಿಯರುಗಳ ಒಂದು ತಂಡವನ್ನು ಹತ್ತಿರದಿಂದ ನೋಡಿ 1999ರಲ್ಲಿ ಬರೆದ ಅಧ್ಯಯನ ನಿಮ್ಮ ಪತ್ರದಂತೆಯೇ ಇದೆ: ಹಗಲೆಲ್ಲ ಒಬ್ಬರನ್ನೊಬ್ಬರು ಕೇಳುತ್ತ ಕಳೆಯುವುದು, ಸ್ವಂತ ಕೆಲಸವನ್ನು ರಾತ್ರಿಗೂ ರಜೆಗೂ ತಳ್ಳುವುದು. ವಾರದ ಕೆಲವು ದಿನ ಇಂತಿಷ್ಟು ಹೊತ್ತು ಯಾರೂ ಯಾರನ್ನೂ ಮಾತಾಡಿಸಬಾರದೆಂದು ಇಡೀ ತಂಡಕ್ಕೆ ನಿಯಮ ಮಾಡಿದಾಗ ಕೆಲಸ ಮುಂದೆ ಹೋಯಿತು. ಸಂಶೋಧನೆ ಮುಗಿದ ಮೇಲೆ ನಿಯಮ ಹಿಡಿದು ನಿಲ್ಲಿಸುವವರಿಲ್ಲದೆ ತಂಡ ಹಳೆಯ ಚಾಳಿಗೆ ಮರಳಿತು. ಎರಡೂ ಪಾಠ ನಿಮಗೆ ಬೇಕು. ಪೇಟೆಯಲ್ಲಿ ನಿಮ್ಮದೇ ವೃತ್ತಿಯ ಇಬ್ಬರು ಮೂವರ ಜೊತೆ ಒಂದು ಸಂಜೆ ಕವಳ ಹಾಕಿಕೊಂಡು ಮಾತಾಡಿ. ಎಲ್ಲರೂ ಏಳಕ್ಕೆ ಮುಚ್ಚುವುದು, ಬಿಲ್ಲಿಗೆ ಎಲ್ಲರದ್ದೂ 5ನೇ ತಾರೀಖು. ಫೀಸಿನ ಮಾತು ಎತ್ತಬೇಡಿ, ಎತ್ತಿದರೆ ಆ ಸಭೆ ಅಲ್ಲಿಗೇ ಮುಗಿಯುತ್ತದೆ. ಒಪ್ಪಿದರೆ ಮೂರು ತಿಂಗಳಿಗೊಮ್ಮೆ ಮತ್ತೆ ಸೇರಿ, ಇಲ್ಲದಿದ್ದರೆ ಒಬ್ಬರು ಸಡಿಲ ಬಿಟ್ಟ ದಿನ ಎಲ್ಲರೂ ಬಿಡುತ್ತಾರೆ.

4:30ಕ್ಕೆ ಏಳುವ ವಿಷಯ. 12ಕ್ಕೆ ಮಲಗಿ 4:30ಕ್ಕೆ ಎದ್ದರೆ ಸಿಗುವುದು ನಾಲ್ಕೂವರೆ ತಾಸಿನ ನಿದ್ದೆ. ವಯಸ್ಕರಿಗೆ ಏಳು ತಾಸಾದರೂ ಬೇಕು. ಬೆಳಗಿನ ಜಾವದ ಮಹಿಮೆ ಹಾಡುವವರು ರಾತ್ರಿ ಎಷ್ಟಕ್ಕೆ ಮಲಗುತ್ತಾರೆಂದು ಮೊದಲು ಕೇಳಬೇಕು. ಆ ಪ್ರಯೋಗ ನಿಂತದ್ದು ನಿಮ್ಮ ಶರೀರದ ಬುದ್ಧಿವಂತಿಕೆ.

ಹಾಸಿಗೆಯಲ್ಲಿ ಮಲಗಿ ನಾಳೆಯ ಫೈಲುಗಳನ್ನು ಎಣಿಸುವ ಅಭ್ಯಾಸ ಇದ್ದೇ ಇರುತ್ತದೆ. ಮಲಗುವ ಮೊದಲು ಐದು ನಿಮಿಷ, ಮರುದಿನ ಮಾಡಬೇಕಾದದ್ದನ್ನು ವಿವರವಾಗಿ ಕಾಗದದ ಮೇಲೆ ಬರೆದಿಡಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಮಂದಿಯ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಬರೆದವರು ಮುಗಿಸಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹೋದರು. ಸಣ್ಣ ಪ್ರಯೋಗ, ದೊಡ್ಡ ಮಾತು ಬೇಡ, ಆದರೆ ಖರ್ಚಿಲ್ಲದ್ದು.

ಈಗ ನೀವು ನಿಜವಾಗಿ ಕೇಳಿದ್ದು, ನಿಮಗಾಗಿ ಸ್ವಲ್ಪ ಹೊತ್ತು. ಖಾಲಿ ಹೊತ್ತನ್ನು ಕಾಯುವುದು ನಿಮ್ಮ ಸ್ವಭಾವದವರಿಗೆ ಆಗದ ಕೆಲಸ. ಖಾಲಿ ಕಂಡರೆ ನೀವೇ ಒಬ್ಬ ಗಿರಾಕಿಯನ್ನು ಕೂರಿಸುತ್ತೀರಿ. ಬೇರೊಬ್ಬರು ನಿಮಗಾಗಿ ಕಾಯುವಂತೆ ಮಾಡಿಕೊಳ್ಳಿ. ತಾಳಮದ್ದಳೆಗೆ ಮರಳುವುದಾದರೆ ‘ಪುರುಸೊತ್ತಾದಾಗ ಬರುತ್ತೇನೆ’ ಎನ್ನದೆ, 21ರ ನಂತರದ ಒಂದು ಸಂಜೆಗೆ ಭಾಗವತರ ಹತ್ತಿರ ಪ್ರಸಂಗ, ಪಾತ್ರ, ತಾರೀಖು ಒಪ್ಪಿಕೊಂಡುಬಿಡಿ. ಗಿರಾಕಿಗೆ ಇಲ್ಲ ಎನ್ನಲು ಬಾರದ ದಾಕ್ಷಿಣ್ಯವೇ ಭಾಗವತರಿಗೆ ಕೈಕೊಡಲೂ ಬಿಡುವುದಿಲ್ಲ. ತಿಂಗಳಿಗೊಂದು ಕೂಟ ಸಾಕು ಮೊದಲಿಗೆ. ಮಗಳಿಗೆ ‘ದಿನಾ ಒಂದು ತಾಸು’ ಎಂಬ ಮಾತು ಕೊಡಬೇಡಿ, ಮೊದಲ 14ರ ಹೊತ್ತಿಗೇ ತಪ್ಪುತ್ತದೆ. ಅವಳಿಗೆ ಬೇಕಾದ ಹೊತ್ತು ಯಾವುದೆಂದು ಅವಳನ್ನೇ ಕೇಳಿ. ಶಾಲೆಗೆ ಬಿಡಲು ಹೋಗುವ ಹದಿನೈದು ನಿಮಿಷ ಎಂದಾಳು, ನಿಮಗೆ ಅದು ಆಶ್ಚರ್ಯ ಆದೀತು.

ಭಾನುವಾರದ ತೋಟ ನಿಮಗೆ ಕೆಲಸವೋ ವಿಶ್ರಾಂತಿಯೋ ಪತ್ರದಿಂದ ತಿಳಿಯಲಿಲ್ಲ. ಎರಡೂ ಇರಬಹುದು. ಮಳೆಗೆ ಮೊದಲು ಅಡಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವಾಗ, ಕೊನೆಕೊಯ್ಲಿನ ವಾರಗಳಲ್ಲಿ ಅದು ಶುದ್ಧ ಕೆಲಸ, ಆ ತಿಂಗಳು ಬೇರೊಂದು ಅರ್ಧ ದಿನ ತೆಗೆಯಿರಿ. ಉಳಿದ ಭಾನುವಾರ ಕಾಲುವೆಯ ಬದಿಯಲ್ಲಿ ಸುಮ್ಮನೆ ತಿರುಗಿ ಬರುವುದಾದರೆ ಅದನ್ನು ರಜೆಯೆಂದೇ ಎಣಿಸಿ, ಫೋನು ಒಯ್ಯಬೇಡಿ.

ಹೊಸ ಪದ್ಧತಿ 21 ದಿನದಲ್ಲಿ ಮೈಗೂಡುತ್ತದೆ ಎಂದು ಎಲ್ಲೆಡೆ ಹೇಳುವುದನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿದರು. ಅವರ ಲೆಕ್ಕದಲ್ಲಿ ಅಭ್ಯಾಸ ಕೂರಲು ಹಿಡಿಯುವ ಕಾಲ ಒಬ್ಬೊಬ್ಬರಿಗೆ 18 ದಿನದಿಂದ 254 ದಿನದ ತನಕ ಹರಡಿತ್ತು, ನಡುವಿನ ಅಂಕಿ 66. ಒಂದು ದಿನ ತಪ್ಪಿದರೆ ದೊಡ್ಡ ಹಾನಿ ಆಗಲಿಲ್ಲ ಎಂಬುದೂ ಅದರಲ್ಲೇ ಇದೆ. ಅಂದರೆ ಕನಿಷ್ಠ ಮೂರು 20ನೇ ತಾರೀಖು ದಾಟುವ ತನಕ ತೀರ್ಪು ಕೊಡಬೇಡಿ. ಯಾವುದಾದರೂ ತಿಂಗಳ 21ಕ್ಕೆ ಶುರು ಮಾಡಿ, ಆದಾಯ ತೆರಿಗೆಯ ಒತ್ತಡ ಇರುವ ಜುಲೈ ಮತ್ತು ಸೆಪ್ಟೆಂಬರ್ ಬಿಟ್ಟು. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಆ ಹೊತ್ತೂ ಬೇಡ. ಜಾತ್ರೆಗೆ ಬಂದ ನೆಂಟರ ಜೊತೆ ಹಳೆಯ ಗಿರಾಕಿಗಳೂ ಬರುತ್ತಾರೆ, ಆಗ ಬಾಗಿಲು ಹಾಕಲು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು.

ಕೊನೆಯದಾಗಿ ಪತ್ರದಲ್ಲಿ ಇಲ್ಲದ ಒಂದು ವಿಷಯ. ಸಂಜೆ ಮನೆಯ ಜಗಲಿಯಲ್ಲಿ ಕೂತವರಿಗೆ ಆಸ್ರಿ ಕೊಡುವವರು ಯಾರು? ಬಂದವರಿಗೆ ಏನೂ ಕೊಡದೆ ಕಳಿಸುವ ಮನೆ ನಮ್ಮ ಕಡೆ ಇಲ್ಲ. ಚಹಾ, ಅವಲಕ್ಕಿ, ಕವಳದ ತಬಕು, ಎಂಟಾದರೆ ‘ಊಟ ಮಾಡಿಕೊಂಡೇ ಹೋಗಿ’ ಎಂಬ ಮಾತು. ನಿಮ್ಮ ಒಬ್ಬ ಗಿರಾಕಿ ಜಗಲಿ ಹತ್ತಿದರೆ ಒಳಗೆ ನಿಮ್ಮ ಹೆಂಡತಿಯ ಅರ್ಧ ತಾಸು ಹೋಗುತ್ತದೆ, ಅವರ ಹೊತ್ತಿನ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಮೇಲೆ ನಾನು ಹೇಳಿದ ಹೊತ್ತುಗಳನ್ನು ಬೋರ್ಡಿಗೆ ಬರೆಸುವ ಮೊದಲು ಅವರ ಎದುರಿಗೆ ಇಡಿ. ಬೆಳಗ್ಗೆ 8:30ಕ್ಕೆ ನೀವು ಹೊರಟರೆ ಮಗಳ ಡಬ್ಬಿ, ಅವರ ಸ್ವಂತ ಕೆಲಸ ಹೇಗೆ ಹೊಂದುತ್ತದೆಂದು ಕೇಳಿ, ಬೇಕಾದರೆ ಅರ್ಧ ತಾಸು ಆಚೀಚೆ ಮಾಡಿ. ಮನೆಗೆ ಬರುವವರನ್ನು ಆಫೀಸಿಗೆ ತಿರುಗಿಸುವ ನಿಯಮ ಮಾತ್ರ ಮೊದಲ ದಿನದಿಂದಲೇ ಜಾರಿಗೆ ಬರಲಿ, ಅದನ್ನು ಬಂದವರಿಗೆ ಹೇಳುವ ಕೆಲಸ ಅವರ ಮೇಲೆ ಬೀಳದಿರಲಿ. ನೀವೇ ಜಗಲಿಗೆ ಬಂದು ಹೇಳಿ, ಚಹಾ ಕೊಟ್ಟಾದ ಮೇಲೆ.